ಅಟ್ಟದ ಟೈರು

ನನಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ನಮ್ಮ ಬಡಾವಣೆ ಶಿರಾ ಗೇಟಿನ ಅರ್ಧ ಜನ ಹೇಳುತ್ತಾರೆ. ಇನ್ನರ್ಧ ಜನ ಹೇಳಲು ಹೆದರುತ್ತಾರೆ. ಇರಲಿ ಬಿಡಿ. ಟೈರ್ ಅಂಗಡಿಯಲ್ಲಿ ನಿಂತ ಹೆಂಗಸಿಗೆ ಸಿಟ್ಟಿಲ್ಲದಿದ್ದರೆ ಗಿರಾಕಿಗಳು ಅವಳ ತಲೆಯ ಮೇಲೇ ಜಾಕ್ ಇಟ್ಟು ಗಾಡಿ ಎತ್ತುತ್ತಾರೆ. ನಮ್ಮ ಯಜಮಾನರು ಮುನಾವರ್ ಪಾಷಾ ಸೊಂಟ ಹಿಡಿದುಕೊಂಡು ಕುರ್ಚಿಗೆ ಬಿದ್ದ ಮೇಲೆ ಮೆಷಿನ್ ಮುಂದೆ ನಿಂತವಳು ನಾನು, ಖಮರುನ್ನೀಸಾ. ಅವರು ಮಾತಾಡುತ್ತಾರೆ, ನಾನು ಕೆಲಸ ಮಾಡುತ್ತೇನೆ. ತೊಂದರೆ ಶುರುವಾಗುವುದು ಅವರ ಮಾತಿನಿಂದಲೇ.

ಆ ಗುರುವಾರವೂ ಹಾಗೇ ಆಯಿತು. ಗುಬ್ಬಿಯ ಕೊಬ್ಬರಿ ವ್ಯಾಪಾರಿ ರೇವಣಸಿದ್ದಯ್ಯ ಬೆಳಿಗ್ಗೆ ಫೋನ್ ಮಾಡಿ, "ಪಾಷಣ್ಣ, ಮಗಳ ಕಾರಿಗೆ ಟೈರ್ ಹಾಕ್ಬೇಕು. ಟೈರು ನಾವೇ ತರ್ತೀವಿ" ಎಂದರು. ಇವರು ಹಿಂದುಮುಂದು ನೋಡದೆ, "ನಿಮ್ದು ಅಂದ್ಮೇಲೆ ಕೇಳ್ಬೇಕಾ? ಬನ್ನಿ, ಹಾಕ್ಕೊಡ್ತೀವಿ" ಎಂದು ಮಾತು ಕೊಟ್ಟೇಬಿಟ್ಟರು. ರೇವಣಸಿದ್ದಯ್ಯನವರ ಲಾರಿಗಳಿಗೆ ನಮ್ಮ ಮಾವನವರ ಕಾಲದಿಂದಲೂ ನಮ್ಮಲ್ಲೇ ಟೈರು. ರಂಜಾನ್‌ಗೆ ಅವರ ಮನೆಗೆ ನಮ್ಮ ಶೀರ್ ಕುರ್ಮಾ ಹೋಗುತ್ತದೆ, ಸಂಕ್ರಾಂತಿಗೆ ಅವರ ಎಳ್ಳುಬೆಲ್ಲ ನಮ್ಮ ಮನೆಗೆ ಬರುತ್ತದೆ. ಅಂಥವರಿಗೆ ಇಲ್ಲ ಎನ್ನುವ ನಾಲಿಗೆ ನಮ್ಮವರಿಗಿಲ್ಲ.

ಮಧ್ಯಾಹ್ನ ಕಾರು ಬಂತು. ಕೆಂಪು ಬಣ್ಣದ ಸ್ಪೋರ್ಟ್ಸ್ ಕಾರು, ನೆಲಕ್ಕೆ ಹೊಟ್ಟೆ ತಾಗಿಸಿಕೊಂಡಂತೆ ಕೂತಿತ್ತು. ನಮ್ಮ ಅಂಗಡಿ ಮುಂದಿನ ಚರಂಡಿ ಕಲ್ಲು ಅದರ ಮೂತಿಗೆ ತಗುಲುವ ಹಾಗಿತ್ತು. ಹಲಗೆ ಹಾಸಿ ಒಳಗೆ ಬಿಟ್ಟುಕೊಂಡೆ. ಇಳಿದವಳು ಪಲ್ಲವಿ, ರೇವಣಸಿದ್ದಯ್ಯನವರ ಒಬ್ಬಳೇ ಮಗಳು. ಕೊಬ್ಬರಿ ಲಾರಿಯ ಮುಂದಿನ ಸೀಟಿನಲ್ಲಿ ಕೂತುಕೊಂಡೇ ಬೆಳೆದ ಹುಡುಗಿ. ಈಗ ಗುಬ್ಬಿಯಲ್ಲಿ ಅವಳದೇ ಎಣ್ಣೆ ಮಿಲ್ ಇದೆ. ಮಿಲ್ಲಿನ ಲಾಭದಲ್ಲಿ ಕೆಲವು ವರ್ಷಗಳ ಹಿಂದೆ ಬೆಂಗಳೂರಿನವರೊಬ್ಬರಿಂದ ಈ ಕಾರನ್ನು ಸೆಕೆಂಡ್ ಹ್ಯಾಂಡ್ ತಗೊಂಡಿದ್ದಳು.

"ಆಂಟಿ, ಭಾನುವಾರ ಟ್ರ್ಯಾಕಲ್ಲಿ ಓಡಿಸ್ಬೇಕು" ಎಂದಳು. ಚೆನ್ನೈ ಕಡೆಯ ರೇಸ್ ಟ್ರ್ಯಾಕ್ ಒಂದರಲ್ಲಿ ಹೆಂಗಸರಿಗೇ ಅಂತ ಪಂದ್ಯ. ಒಬ್ಬೊಬ್ಬರೇ ಗಡಿಯಾರದ ವಿರುದ್ಧ ಓಡಿಸಬೇಕು. ಚೆನ್ನಾಗಿ ಓಡಿಸಿದವರಿಗೆ ಒಂದು ರೇಸ್ ತಂಡದಲ್ಲಿ ಜಾಗ ಸಿಗುತ್ತದಂತೆ. ಕಾರಿನಲ್ಲಿದ್ದ ಟೈರುಗಳನ್ನು ನೋಡಿದೆ. ಸವೆದು ಬೋಳಾಗಿದ್ದವು. ಅವುಗಳಲ್ಲಿ ಟ್ರ್ಯಾಕಿಗೆ ಹೋಗುವುದಿರಲಿ, ಊರಂಚಿನ ಬಟವಾಡಿಗೂ ಹೋಗಬಾರದು.

ಹಿಂದೆಯೇ ಒಂದು ಟೆಂಪೋ ಬಂತು. ರೇವಣಸಿದ್ದಯ್ಯ ಅದರಿಂದ ನಾಲ್ಕು ಟೈರು ಇಳಿಸಿದರು. ಕರ್ರಗೆ ಮಿಂಚುತ್ತಿದ್ದವು. ರಸ್ತೆಯನ್ನೇ ಮುಟ್ಟದ ಟೈರುಗಳು, ಮೇಲಿನ ರಬ್ಬರ್ ಕೂದಲು ಕೂಡ ಹಾಗೇ ಇದ್ದವು. ಒಂದೊಂದರ ಮೇಲೂ ಮೂರು ಬೆರಳು ವಿಭೂತಿ, ನಡುವೆ ಕುಂಕುಮ. ಹತ್ತಿರ ಹೋದರೆ ಹೊಗೆ ವಾಸನೆ, ಅದರ ಜೊತೆಗೆ ಕೊಬ್ಬರಿ ಎಣ್ಣೆ ವಾಸನೆ.

"ಏನಣ್ಣ ಇದು? ಟೈರಿಗೆ ಎಣ್ಣೆ ಸ್ನಾನ ಮಾಡ್ಸಿದೀರಾ?" ಎಂದೆ.

"ಮತ್ತೇನಂದ್ಕೊಂಡೆ ತಂಗಿ?" ಎಂದು ಅವರು ಮೀಸೆಯಲ್ಲೇ ನಕ್ಕರು. "ಕಾರ್ ಮಾರ್ದೋನು ಇವನ್ನೂ ಜೊತೇಲಿ ಕೊಟ್ಟಿದ್ದ. ಅವತ್ತಿಂದ ನಮ್ಮ ಕೊಬ್ಬರಿ ಅಟ್ಟದ ಮೇಲೆ ಇಟ್ಟಿದೀನಿ. ಕೆಳಗೆ ಹೊಗೆ, ಮೇಲೆ ಬೆಚ್ಚಗೆ. ಇಲಿ ಇಲ್ಲ, ಹುಳ ಇಲ್ಲ. ಪ್ರತಿ ಆಯುಧಪೂಜೆಗೂ ನಾನೇ ಅಟ್ಟ ಹತ್ತಿ, ಬಿರುಕು ಬಿಡಬಾರ್ದು ಅಂತ ಗಾಣದ ಎಣ್ಣೆ ಹಚ್ಚಿದೀನಿ. ನೋಡು, ಹೆಂಗವೆ!"

ನಮ್ಮ ಕಡೆ ಬಲಿತ ತೆಂಗಿನಕಾಯಿಯನ್ನು ಅಟ್ಟದ ಮೇಲೆ ಗುಡ್ಡೆ ಹಾಕಿ, ಕೆಳಗೆ ಹೊಗೆಯಾಡಿಸಿ, ಒಳಗಿನ ತಿರುಳು ಒಣಗಿ ಲೊಟಲೊಟ ಅನ್ನುವವರೆಗೆ ಬಿಡುತ್ತಾರೆ. ಹಾಗೆ ಬಿಟ್ಟರೇ ಗುಂಡು ಕೊಬ್ಬರಿ. ಕೊಬ್ಬರಿಗೆ ಅದು ಅಮೃತ, ರಬ್ಬರಿಗೆ ವಿಷ. ಬಿಸಿ, ಹೊಗೆ, ಎಣ್ಣೆ, ಈ ಮೂರೂ ರಬ್ಬರಿನ ಶತ್ರುಗಳು. ಮೂರನ್ನೂ ಈ ಪುಣ್ಯಾತ್ಮ ವರ್ಷವರ್ಷ ಕೈಯಾರೆ ಉಣಿಸಿದ್ದಾರೆ.

ಟೈರಿನ ಪಕ್ಕದಲ್ಲಿ ಒತ್ತಿರುವ ತಯಾರಿಕೆಯ ವಾರ, ವರ್ಷದ ಅಂಕಿ ತೋರಿಸಿ, "ಅಣ್ಣ, ಇದಕ್ಕೆ ವಯಸ್ಸಾಗಿದೆ" ಎಂದೆ.

"ವಯಸ್ಸಾದ್ರೇನೇ ರುಚಿ. ಹಸೀ ಕೊಬ್ಬರೀನ ನಾನು ಕೈಯಲ್ಲೂ ಮುಟ್ಟಲ್ಲ."

"ಇದು ತಿನ್ನೋದಲ್ಲ ಅಣ್ಣ. ಜೀವ ಹೊತ್ಕೊಂಡು ಓಡೋದು. ನಾನು ಹಾಕಲ್ಲ."

ನಮ್ಮ ಯಜಮಾನರು ಕುರ್ಚಿಯಿಂದ ಅರ್ಧ ಎದ್ದು, ಸೊಂಟ ಹಿಡಿದುಕೊಂಡು ಮತ್ತೆ ಕೂತರು. "ಖಮರ್, ಮಾತು ಕೊಟ್ಟಿದೀನಿ ಕಣೇ."

"ಮಾತು ಕೊಟ್ಟೋರು ನೀವು. ಟೈರ್ ಹಾಕೋಳು ನಾನು. ಬೇಕಿದ್ರೆ ಮಾತನ್ನೇ ರಿಮ್ಮಿಗೆ ಹಾಕಿ ಕಳಿಸಿ."

ರೇವಣಸಿದ್ದಯ್ಯನವರ ಮುಖ ಕಪ್ಪಿಟ್ಟಿತು. ಅಷ್ಟು ವರ್ಷದಲ್ಲಿ ನಮ್ಮ ಅಂಗಡಿಯಲ್ಲಿ ಅವರು ಇಲ್ಲ ಅನ್ನಿಸಿಕೊಂಡವರಲ್ಲ. ಪಲ್ಲವಿ ನನ್ನನ್ನು ನೀರಿನ ತೊಟ್ಟಿಯ ಹತ್ತಿರ ಎಳೆದುಕೊಂಡು ಹೋದಳು. ಅವಳ ಕಣ್ಣು ತುಂಬಿತ್ತು.

"ಆಂಟಿ, ಈ ಕಾರ್ ತಗೊಂಡಾಗ ಅಪ್ಪ ನನ್ನ ಹತ್ರ ಮಾತೇ ಬಿಟ್ಟಿದ್ರು. ಊಟಕ್ಕೂ ಕರೀತಿರ್ಲಿಲ್ಲ. ಆ ವರ್ಷ ಆಯುಧಪೂಜೆ ದಿನ ಯಾರ್ಗೂ ಹೇಳ್ದೆ ಅಟ್ಟ ಹತ್ತಿ ಟೈರಿಗೆ ಎಣ್ಣೆ ಹಚ್ತಿದ್ರು. ಅವತ್ತು ಗೊತ್ತಾಯ್ತು, ಒಪ್ಕೊಂಡ್ರು ಅಂತ. ಈಗ್ಲೂ ನಾನು ಕಾರ್ ಸ್ಟಾರ್ಟ್ ಮಾಡಿದ್ರೆ ಸಾಕು, 'ನಿಧಾನ ಮಗಳೇ' ಅಂತಾರೆ. ಆ ಟೈರ್ ಬೇಡ ಅಂತ ಯಾವ ಬಾಯಲ್ಲಿ ಹೇಳ್ಲಿ? ಹಾಕ್ಬಿಡಿ. ನಿಧಾನಕ್ಕೇ ಓಡಿಸ್ತೀನಿ."

"ರೇಸಿಗೆ ಹೋಗಿ ನಿಧಾನಕ್ಕೆ ಓಡಿಸ್ತೀಯಾ?" ನನಗೆ ರೇಗಿಹೋಯಿತು. "ತಿರುವಲ್ಲಿ ಟೈರು ಹಿಡೀದೆ ಜಾರಿದ್ರೆ ನಿಮ್ಮಪ್ಪನ ಪ್ರೀತಿ ಬಂದು ಹಿಡ್ಕೊಳುತ್ತಾ? ನಾಳೆ ಏನಾದ್ರೂ ಆದ್ರೆ ಆ ಮನುಷ್ಯ ಬದುಕಿರ್ತಾರೇನೇ? ಸುಮ್ನಿರು."

ಅವಳು ಅತ್ತಳು. ಆದರೆ ಈ ಹುಡುಗಿ ಭಾನುವಾರ ಹೋಗಬೇಕು, ಹೋದ ಹಾಗೇ ವಾಪಸ್ ಬರಬೇಕು. ಅದಕ್ಕಿಂತ ದೊಡ್ಡದು ನನಗೆ ಯಾವುದೂ ಇರಲಿಲ್ಲ.

ಅಷ್ಟರಲ್ಲಿ ಎದುರುಗಡೆ ಅಂಗಡಿಯ ಬೀರಯ್ಯ ರಸ್ತೆ ದಾಟಿ ಬಂದ. ಅವನದೂ ಟೈರ್ ವ್ಯಾಪಾರವೇ. ನಮ್ಮಲ್ಲಿ ಜಗಳ ಕೇಳಿಸಿದರೆ ಅವನಿಗೆ ಪಾಯಸ ಕುಡಿದಷ್ಟು ಖುಷಿ. "ಸ್ವಾಮಿ, ಬನ್ನಿ ಈ ಕಡೆ, ನಾನ್ ಹಾಕ್ಕೊಡ್ತೀನಿ. ಇನ್ನೂ ಕೂದ್ಲೇ ಸವೆದಿಲ್ಲ, ಹಳೇದಂತೆ ಹಳೇದು!" ಎಂದ. ರೇವಣಸಿದ್ದಯ್ಯ ಒಂದು ಟೈರನ್ನು ಅತ್ತ ಉರುಳಿಸಿದರು.

ನಾನು ಓಡಿಹೋಗಿ ಆ ಟೈರಿಗೆ ಅಡ್ಡ ನಿಂತೆ. ಸಿಟ್ಟು ಮಾಡಿದರೆ ಅವರು ಹೋಗೇಬಿಡುತ್ತಾರೆ. ಬೇರೆ ದಾರಿ ಹುಡುಕಬೇಕಿತ್ತು.

"ಅಣ್ಣ, ಒಂದು ಮಾತು ನಡೆಸ್ಕೊಡಿ. ಇದು ಟೈರಲ್ಲ, ಕೊಬ್ಬರಿ ಅನ್ಕೊಳಿ. ನಿಮ್ಮ ಮಂಡಿಗೆ ಬಂದಿದೆ. ಯಾರದು ಅಂತ ನಿಮಗೆ ಗೊತ್ತಿಲ್ಲ. ನೋಡಿ ನೀವೇ ದರ್ಜೆ ಹೇಳಿ. ನೀವು ಹೇಳಿದ್ದೇ ಕೊನೆ, ನಾನು ಬಾಯಿ ಬಿಡಲ್ಲ."

ಗುಬ್ಬಿಯಲ್ಲಿ ರೇವಣಸಿದ್ದಯ್ಯನವರ ನಾಲಿಗೆಗೆ ಇರುವ ಬೆಲೆ ತಕ್ಕಡಿಗೂ ಇಲ್ಲ. ಕೊಬ್ಬರಿ ನೋಡಿ ಅವರು ಕೌಟು ಎಂದರೆ ಮುಗಿಯಿತು. ಕೌಟು ಎಂದರೆ ಹೊರಗೆ ಚೆಂದ, ಒಳಗೆ ಹಳಸಲು. ಅಂಥ ಮೂಟೆ ಸ್ವಂತ ತಮ್ಮನದಾದರೂ ತಿರುಗಿ ಹೋಗಲೇಬೇಕು. ಆ ಹೆಮ್ಮೆಯನ್ನೇ ನಾನು ಕೆಣಕಿದ್ದೆ. ಅವರು ಪಂಚೆ ಎತ್ತಿ ಕಟ್ಟಿ, ಟೈರಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ಹೆಬ್ಬೆರಳ ಉಗುರು ಒತ್ತಿದರು. ಉಗುರು ಮೆತ್ತಗೆ ಇಳಿಯಿತು.

"ನೋಡು! ಎಳೇ ಕಾಯಿ ಇದ್ದಂಗೈತೆ, ವಯಸ್ಸೆಲ್ಲೈತೆ ಇದಕ್ಕೆ!" ಎಂದು ಗೆದ್ದವರಂತೆ ನನ್ನ ಕಡೆ ನೋಡಿದರು. ಬೀರಯ್ಯ ಕಿಸಕ್ಕೆಂದ.

ವರ್ಷವರ್ಷದ ಎಣ್ಣೆ ಮೇಲಿನ ಪದರವನ್ನು ಮೆತ್ತಗೆ ಮಾಡಿಬಿಟ್ಟಿತ್ತು. ಮೇಲೆ ಥಳುಕು, ಒಳಗೆ ಹುಳುಕು. ಒಳಗಿನದನ್ನು ತೋರಿಸುವುದು ಹೇಗೆ?

"ಅಣ್ಣ, ಕೊಬ್ಬರೀನ ಬರೀ ಉಗುರಲ್ಲಿ ನೋಡ್ತೀರೋ, ಒಡೆದು ನೋಡ್ತೀರೋ?"

ಅವರು ತಡೆದರು. ಸುಳ್ಳು ಹೇಳುವ ಜನ ಅಲ್ಲ ಅದು. "ಒಡೆದೇ ನೋಡ್ಬೇಕು" ಎಂದರು.

"ಹಂಗಾದ್ರೆ ಮೊದ್ಲು ತೊಳೀತೀನಿ."

ಬಿಸಿನೀರು, ಸೋಪು ಹಾಕಿ ಉಜ್ಜಿದೆ. ಎಣ್ಣೆ, ಮಸಿ, ವಿಭೂತಿ ಎಲ್ಲ ಹೋಯಿತು. ಕೆಳಗೆ ಕಂಡಿದ್ದು ಕಪ್ಪಲ್ಲ, ಮಾಸಿದ ಕಂದು. ಆ ಟೈರನ್ನು ಮೆಷಿನ್ ಪಕ್ಕಕ್ಕೆ ಒರಗಿಸಿದೆ. ರಿಮ್ಮಿನಿಂದ ಟೈರು ಬಿಡಿಸಲು ಪಕ್ಕೆಯನ್ನು ಒತ್ತುವ ಕಬ್ಬಿಣದ ತೋಳೊಂದು ಅದರಲ್ಲಿದೆ. ಕಾಲಲ್ಲಿ ಪೆಡಲ್ ತುಳಿದರೆ ಒತ್ತುತ್ತದೆ.

"ಪೆಡಲ್ ನೀವೇ ತುಳೀರಿ ಅಣ್ಣ. ಚೆನ್ನಾಗಿರೋ ಟೈರು ಬಗ್ಗುತ್ತೆ, ಬಿಟ್ರೆ ಎದ್ದೇಳುತ್ತೆ, ಏನೂ ಆಗಲ್ಲ. ಹಂಗೆ ಎದ್ರೆ ನಾಲ್ಕನ್ನೂ ನನ್ನ ಕೈಯಾರೆ ಹಾಕಿ, ನಿಮ್ಮ ಕಾಲಿಗೆ ಬಿದ್ದು ಕಳಿಸ್ತೀನಿ."

ಅವರು ಚಪ್ಪಲಿ ಬಿಟ್ಟು ಪೆಡಲ್ ಮೇಲೆ ಕಾಲಿಟ್ಟರು. ತೋಳು ಟೈರಿನ ಪಕ್ಕೆಯನ್ನು ಒತ್ತಿತು. ಚಟಚಟ ಸದ್ದಾಯಿತು. ಒತ್ತಿದ ಕಡೆಯಲ್ಲೆಲ್ಲ ರಬ್ಬರು ಬಾಯಿ ಬಿಟ್ಟಿತು. ಒಡೆದ ಹಿಮ್ಮಡಿಯ ಹಾಗೆ ಗೆರೆ ಗೆರೆ. ಒಂದು ಬಿರುಕಿನಲ್ಲಿ ಒಳಗಿನ ನೂಲು ಕೂಡ ಕಂಡಿತು.

ಬೀರಯ್ಯನ ನಗು ನಿಂತಿತು. ರೇವಣಸಿದ್ದಯ್ಯ ಕನ್ನಡಕ ಒರೆಸಿಕೊಂಡು ಬಗ್ಗಿ ನೋಡಿದರು. ಆಮೇಲೆ, "ಒಂದು ಕಾಯಿ ನೋಡಿ ಮೂಟೆ ಬಿಡಬಾರ್ದು. ಇನ್ನೊಂದು ತಗೊಂಬಾ" ಎಂದರು. ಇನ್ನೊಂದನ್ನೂ ತೊಳೆದು ಒತ್ತಿಸಿದೆ. ಉಳಿದವನ್ನೂ. ಎಲ್ಲವೂ ಹಾಗೇ ಬಾಯಿ ಬಿಟ್ಟವು.

ಅವರು ಪೆಡಲಿನಿಂದ ಕಾಲು ತೆಗೆದರು.

"ಕೌಟು" ಎಂದರು. ಮಂಡಿಯಲ್ಲಿ ಹೇಳುವಷ್ಟೇ ಸ್ಪಷ್ಟವಾಗಿ ಹೇಳಿದರು. ಆಮೇಲೆ ಮಗಳ ಕಡೆ ತಿರುಗಿದರು. "ನಾನೇ ಕೆಡಿಸ್ದೆ ಮಗಳೇ. ಕಾಪಾಡ್ತಿದೀನಿ ಅನ್ಕೊಂಡು ನಾನೇ ಕೆಡಿಸ್ದೆ."

ಪಲ್ಲವಿ ಅಪ್ಪನ ಎಣ್ಣೆಗೈಯನ್ನು ಹಿಡಿದುಕೊಂಡಳು. ಗೆದ್ದೆ ಎಂದು ನನಗೆ ಒಂಚೂರೂ ಅನ್ನಿಸಲಿಲ್ಲ. ಅಳು ಬಂತು, ಅದನ್ನು ಮುಚ್ಚಿಕೊಳ್ಳಲು ಗದರಿದೆ. "ಅಯ್ಯೋ ಸಾಕು ಬಿಡಿ ಅಣ್ಣ! ನಿಮ್ಮ ಪ್ರೀತೀಲಿ ತಪ್ಪಿಲ್ಲ. ಟೈರಿಗೆ ಅದು ಅರ್ಥ ಆಗಲ್ಲ ಅಷ್ಟೆ. ಭಾನುವಾರ ಹತ್ರ ಬಂತು, ಕಣ್ಣೊರೆಸ್ಕೊಳಿ. ಕೆಲಸ ಇದೆ."

ಕೆಲಸ ಸಣ್ಣದಿರಲಿಲ್ಲ. ಈ ಕಾರಿಗೆ ಮುಂದಿನ ಟೈರು ಒಂದು ಅಳತೆ, ಹಿಂದಿನದು ಇನ್ನೂ ಅಗಲ. ಅಳತೆ ಹೊಂದಿದರೆ ಸಾಲದು. ಎಷ್ಟು ಭಾರ ಹೊರುತ್ತದೆ ಎಂಬ ಅಂಕಿ, ಎಷ್ಟು ವೇಗ ತಡೆಯುತ್ತದೆ ಎಂಬ ಅಕ್ಷರ, ಈ ಕಾರಿಗೇ ಮಾಡಿದ್ದು ಎಂಬ ಗುರುತು, ಎಲ್ಲವೂ ಕೂಡಿಬರಬೇಕು. ಬೀರಯ್ಯ ಆಗಲೇ ಬಣ್ಣ ಬದಲಾಯಿಸಿ, "ನನ್ನ ಹತ್ರ ಇದೇ ಸೈಜ್ ಐತೆ, ವೇಗದ ಅಕ್ಷರ ಮಾತ್ರ ಒಂಚೂರು ಕಮ್ಮಿ" ಎಂದ. ಪಲ್ಲವಿ ಆಸೆಯಿಂದ ನನ್ನ ಮುಖ ನೋಡಿದಳು.

"ಕಾಲಿಗೆ ಕೂತಿದೆ ಅಂತ ಹವಾಯಿ ಚಪ್ಪಲಿ ಹಾಕ್ಕೊಂಡು ಓಟದ ಪಂದ್ಯಕ್ಕೆ ಹೋಗ್ತೀಯಾ? ಬೇಡ. ಸಿಕ್ಕಿದ್ದು ಬೇಡ, ಬೇಕಾದ್ದೇ ಬೇಕು."

ಬೆಂಗಳೂರಿನಲ್ಲಿ ನನ್ನ ತಮ್ಮ ಅರ್ಷದ್‌ಗೆ ಟೈರಿನ ಗೋಡೌನ್ ಇದೆ. ಈಗ ನಮ್ಮ ಯಜಮಾನರ ಬಾಯಿ ಉಪಯೋಗಕ್ಕೆ ಬಂತು. ಬಯ್ದು, ಪುಸಲಾಯಿಸಿ, ಅವನ ಅಕ್ಕನ ಮೇಲೆ ಆಣೆ ಇಟ್ಟು, ಸಂಜೆಯೊಳಗೆ ನಾಲ್ಕನ್ನೂ ಹೊಂದಿಸಿಕೊಂಡರು. ಒಂದೇ ಕಂಪನಿ, ಒಂದೇ ಜಾತಿ, ತಯಾರಿಕೆಯ ಅಂಕಿ ಹೊಸದು. "ಮಾತು ಕೊಟ್ಟಿದ್ದೆ ಅಲ್ವಾ, ಟೈರ್ ಹಾಕ್ಕೊಡ್ತೀವಿ ಅಂತ?" ಎಂದು ಫೋನ್ ಇಟ್ಟು ನನಗೆ ಕಣ್ಣು ಹೊಡೆದರು. ಈ ವಯಸ್ಸಿನಲ್ಲಿ ಇದೊಂದು ಬಾಕಿ ಇತ್ತು.

ಶುಕ್ರವಾರ ನಮಾಜ್ ಮುಗಿಯುವ ಹೊತ್ತಿಗೆ ಟೈರು ಬಂತು. ರೇವಣಸಿದ್ದಯ್ಯ ಬೆಳಿಗ್ಗೆಯೇ ಬಂದು ನಮ್ಮವರ ಪಕ್ಕ ಸ್ಟೂಲ್ ಹಾಕಿಕೊಂಡು ಕೂತಿದ್ದರು. ನಾನು ಕಾರಿನ ಹೊಟ್ಟೆಯಡಿ ಜಾಕ್ ಇಡಲು ಗುರುತು ಮಾಡಿರುವ ಜಾಗ ಹುಡುಕಿ, ರಬ್ಬರ್ ಬಿಲ್ಲೆ ಕೊಟ್ಟು ಎತ್ತಿದೆ. ಬೇರೆಲ್ಲಿ ಕೊಟ್ಟರೂ ತಗಡು ಅಪ್ಪಚ್ಚಿ. ಗಾಳಿ ತುಂಬುವ ಮೂತಿಯ ಹಿಂದೆ, ರಿಮ್ಮಿನ ಒಳಗೆ, ಗಾಳಿ ಅಳೆಯುವ ಸೆನ್ಸರ್ ಇರುತ್ತದೆ. ಅವಸರದವರು ಅದರ ಮೇಲೇ ಒತ್ತಿ ಮುರಿಯುತ್ತಾರೆ. ನಾನು ಅದರಿಂದ ದೂರ ಒತ್ತಿ ಹಳೇ ಟೈರು ಬಿಡಿಸಿದೆ. ರಿಮ್ಮಿಗೆ ಕಬ್ಬಿಣದ ಸಲಾಕೆ ತಾಗಿಸಲಿಲ್ಲ, ಪ್ಲಾಸ್ಟಿಕ್ ಗಾರ್ಡ್ ಕೊಟ್ಟು, ಅಂಚಿಗೆ ಸೋಪಿನ ಪೇಸ್ಟ್ ಸವರಿದೆ.

"ಇದೇನು, ನಾನು ಎಣ್ಣೆ ಹಚ್ಚಿದ್ರೆ ತಪ್ಪು, ನೀನು ಹಚ್ಬೋದಾ?" ಎಂದು ರೇವಣಸಿದ್ದಯ್ಯ ಕುಟುಕಿದರು.

"ಇದು ಒಣಗಿ ಹೋಗುತ್ತೆ ಅಣ್ಣ. ನಿಮ್ಮದು ಹಬ್ಬ ಮುಗಿದ್ರೂ ಮನೇಗೆ ಹೋಗದ ನೆಂಟನ ಥರ, ಒಳಗೇ ಕೂತ್ಕೊಳುತ್ತೆ."

ಅವರು ಬಾಯಿ ತುಂಬ ನಕ್ಕರು. ಅವರು ನಗುವುದನ್ನು ಕೇಳಿ ನನ್ನ ಎದೆಯ ಭಾರ ಇಳಿಯಿತು.

ಟೈರು ಯಾವ ಕಡೆ ಉರುಳಬೇಕೆಂದು ಪಕ್ಕೆಯ ಮೇಲೆ ಬಾಣದ ಗುರುತಿತ್ತು. ಎಡ ಬಲ ನೋಡಿ ನೋಡಿ ಕೂರಿಸಿದೆ. ಗಾಳಿ ತುಂಬಿದಾಗ ಟೈರು ರಿಮ್ಮಿಗೆ ಠಪ್ ಎಂದು ಕೂತಿತು, ಪಲ್ಲವಿ ಬೆಚ್ಚಿಬಿದ್ದಳು. ಬ್ಯಾಲೆನ್ಸ್ ಮಾಡಿ, ಚಕ್ರ ಕಟ್ಟಿ, ಕೈಯಲ್ಲೇ ನಟ್ಟು ಹಿಡಿಸಿದೆ. ನಟ್ಟು ಬಿಗಿಯುವ ಗನ್ ಹಿಡಿದು ಟರ್ ಎನ್ನಿಸಿದರೆ ಕೆಲಸ ಬೇಗ ಆಗುತ್ತದೆ, ಬೋಲ್ಟಿನ ಕತ್ತೂ ಬೇಗ ಮುರಿಯುತ್ತದೆ. ಇದಕ್ಕೆ ಅಳತೆಯ ಸ್ಪ್ಯಾನರ್ ಬೇರೆ ಇದೆ. ಸಾಕು ಅನ್ನುವಷ್ಟು ಬಿಗಿಯಾದಾಗ ಅದು ಟಿಕ್ ಅನ್ನುತ್ತದೆ. ಒಂದು ನಟ್ಟು ಬಿಗಿದರೆ ಮುಂದಿನದು ಅದರ ಎದುರಿನದು, ಹೀಗೆ ಅಡ್ಡಡ್ಡ ಬಿಗಿದೆ. ಕೊನೆಗೆ ಕಾರಿನ ಬಾಗಿಲ ಅಂಚಿನಲ್ಲಿ ಬರೆದಿದ್ದಷ್ಟೇ ಗಾಳಿ.

ರೇವಣಸಿದ್ದಯ್ಯ ಚೀಲದಿಂದ ನಿಂಬೆಹಣ್ಣು ತೆಗೆದು ನಾಲ್ಕೂ ಚಕ್ರದಡಿ ಇಟ್ಟರು. ಕೈ ಮತ್ತೆ ಚೀಲಕ್ಕೆ ಹೋಯಿತು, ಎಣ್ಣೆ ಬಾಟಲಿ ಅರ್ಧ ಹೊರಗೆ ಬಂತು. ನಾನು ಬರೀ ನೋಡಿದೆ. ಬಾಟಲಿ ಸುಮ್ಮನೆ ಒಳಗೆ ಹೋಯಿತು.

"ಪಲ್ಲವಿ, ಹೊಸಾ ಟೈರಿನ ಮೈ ಮೇಲೆ ಅಚ್ಚಿಂದ ಬಿಡಿಸೋಕೆ ಹಚ್ಚಿದ ಜಾರು ಇರುತ್ತೆ, ಅದು ಸವೀಬೇಕು. ನಾಳೆ ಹೆಬ್ಬೂರು ಮೇಲೆ ಕುಣಿಗಲ್‌ಗೆ ಹೋಗಿ ಬಾ. ಸಾವಕಾಶವಾಗಿ, ಬ್ರೇಕು, ತಿರುವು ಎಲ್ಲ ಮೆತ್ತಗೆ. ಬಂದ್ಮೇಲೆ ನಟ್ಟು ಇನ್ನೊಂದ್ಸಲ ನೋಡ್ಬೇಕು. ಅಪ್ಪನ್ನ ಪಕ್ಕದಲ್ಲಿ ಕೂರಿಸ್ಕೊ, ಆಗ ನೀನು ಹಾರಾಡಲ್ಲ" ಎಂದೆ.

ಶನಿವಾರ ಮಧ್ಯಾಹ್ನ ಅವರು ವಾಪಸ್ ಬಂದಾಗ ಇಬ್ಬರ ಮುಖದಲ್ಲೂ ರಕ್ತವಿರಲಿಲ್ಲ. ರೇವಣಸಿದ್ದಯ್ಯ ಇಳಿದು, ಮುಂದಿನ ಟೈರಿನ ಮೇಲೆ ಅಂಗೈ ಇಟ್ಟು ನಿಂತರು. ಮಾತಾಡಿದವಳು ಪಲ್ಲವಿ.

"ಕುಣಿಗಲ್‌ನಿಂದ ಬರ್ತಾ ಆಂಟಿ, ಹೆಬ್ಬೂರು ಇನ್ನೂ ಸಿಕ್ಕಿರ್ಲಿಲ್ಲ. ತೋಟದ ದಾರಿಯಿಂದ ತೆಂಗಿನ ಸಿಪ್ಪೆ ತುಂಬಿದ ಟ್ರ್ಯಾಕ್ಟರ್ ಸೀದಾ ರಸ್ತೆಗೆ ಬಂತು. ನೋಡ್ಲೂ ಇಲ್ಲ ಅವನು. ಪೂರ್ತಿ ಬ್ರೇಕ್ ತುಳಿದ್ಬಿಟ್ಟೆ. ಕಾರು ಒಂಚೂರೂ ಅಲ್ಲಾಡ್ಲಿಲ್ಲ, ಗೆರೆ ಎಳೆದಂಗೆ ನಿಲ್ತು. ಕಾರಿನ ಮೂತಿಗೂ ಟ್ರ್ಯಾಲಿಗೂ ಒಂದು ಮೊಳ ಇತ್ತು."

"ಯಾ ಅಲ್ಲಾ!" ಎಂದು ನಾನು ಅಲ್ಲೇ ಕೂತುಬಿಟ್ಟೆ. ನಮ್ಮ ಯಜಮಾನರು ಸೊಂಟ ನೋವು ಮರೆತು ಎದ್ದು ಬಂದು ಗೆಳೆಯನ ಹೆಗಲು ಹಿಡಿದುಕೊಂಡರು.

ಎದ್ದು ನಟ್ಟು ನೋಡಲು ಶುರುಮಾಡಿದೆ. ಟಿಕ್. ಟಿಕ್. ಯಾವುದೂ ಸಡಿಲವಾಗಿರಲಿಲ್ಲ. ಅಷ್ಟರಲ್ಲಿ ಬೀರಯ್ಯ ಬಂದ. ಮೂಲೆಯಲ್ಲಿದ್ದ ಅಟ್ಟದ ಟೈರುಗಳನ್ನು ತೋರಿಸಿ, "ಸ್ವಾಮಿ, ಇವು ಹೆಂಗೂ ನಿಮಗೆ ಬೇಡ. ನಂಗೆ ಕೊಡಿ. ಎಣ್ಣೆ ಹೊಡೆದು ನಿಲ್ಸಿದ್ರೆ ಹೊಸದರ ಥರಾನೇ ಕಾಣ್ತವೆ. ಒಳ್ಳೇ ರೇಟು ಕೊಡ್ತೀನಿ" ಎಂದ.

ರೇವಣಸಿದ್ದಯ್ಯ ನನ್ನ ಕಡೆ ಕೈ ಚಾಚಿದರು. "ತಂಗಿ, ಚಾಕು ಕೊಡು" ಎಂದರು.

ರಬ್ಬರ್ ಕೊಯ್ಯುವ ಚಾಕು ಕೊಟ್ಟೆ. ಅವರು ಒಂದು ಟೈರನ್ನು ನೆಲಕ್ಕೆ ಕೆಡವಿ, ಅದರ ಪಕ್ಕೆಗೆ ಚಾಕು ಹಾಕಿ, ಹಲ್ಲು ಕಚ್ಚಿ ಸರ್ರನೆ ಎಳೆದರು. ತಿರುಗಿಸಿ ಇನ್ನೊಂದು ಪಕ್ಕೆಯನ್ನೂ ಸೀಳಿದರು.

"ಅಯ್ಯಯ್ಯೋ, ಏನ್ ಸ್ವಾಮಿ ಇದು, ದುಡ್ಡನ್ನ ಕೊಯ್ತೀರಲ್ಲ!" ಎಂದ ಬೀರಯ್ಯ.

"ನನ್ನ ಜೀವಮಾನದಲ್ಲಿ ಕೌಟು ಕೊಬ್ಬರೀನ ಇನ್ನೊಬ್ಬನ ಮೂಟೆಗೆ ಬೆರೆಸಿಲ್ಲ ಕಣಯ್ಯ" ಎಂದರು ಅವರು, ತಲೆ ಎತ್ತದೆ. "ಇವತ್ತು ನನ್ನ ಮಗಳು ಬ್ರೇಕ್ ತುಳಿದ್ಲು. ನಾಳೆ ಇನ್ಯಾರ್ದೋ ಮಗಳು ತುಳೀತಾಳೆ."

ಹಿಂದಿನ ಚಕ್ರದ ಅಗಲದ ಟೈರಿಗೆ ಬರುವ ಹೊತ್ತಿಗೆ ರೇವಣಸಿದ್ದಯ್ಯನವರ ಕೈ ಸೋತಿತು. ನಾನು ಅದನ್ನು ಎರಡು ಕಾಲಲ್ಲಿ ಒತ್ತಿ ಹಿಡಿದೆ, ಪಲ್ಲವಿ ಅಪ್ಪನ ಕೈಯ ಮೇಲೆ ಕೈಯಿಟ್ಟು ಚಾಕು ಎಳೆದಳು. ನಾಲ್ಕೂ ಸೀಳಿದ ಮೇಲೆ ಅವರು ಅಲ್ಲೇ ನೆಲದಲ್ಲಿ ಕೂತು ನಮ್ಮವರು ತರಿಸಿದ ಟೀ ಕುಡಿದರು. ಬಿಳೀ ಪಂಚೆ ಪೂರ್ತಿ ಕಪ್ಪಾಗಿತ್ತು, ಅದನ್ನು ಅವರು ನೋಡಿಕೊಳ್ಳಲೂ ಇಲ್ಲ.

ಹೊರಡುವಾಗ ನಾನು ಹಲಗೆ ಹಾಸಿದೆ. ಪಲ್ಲವಿ ಕಾರು ಸ್ಟಾರ್ಟ್ ಮಾಡಿ, ಎಂದಿನಂತೆ ಅಪ್ಪನ ಮಾತಿಗೆ ಕಾದಳು. ಅವರು ಪಕ್ಕದ ಸೀಟಿನಲ್ಲಿ ಕೂತು ಬೆಲ್ಟ್ ಎಳೆದುಕೊಂಡರು.

"ಟ್ರ್ಯಾಕಿಗೆ ನಾನೂ ಬರ್ತೀನಿ" ಎಂದರು. "ಅಲ್ಲಿ ನಿಧಾನ ಅನ್ನಲ್ಲ ಮಗಳೇ. ಎಷ್ಟು ಜೋರಾಗಿ ಓಡಿಸ್ಬೇಕೋ ಓಡ್ಸು."